ಸಂಚಿ ಹಿಡಿದ ಕೈಯ ಪ್ರಶ್ನೆ: ಯಳಂದೂರಿನ ಹೊನ್ನಮ್ಮ

ಯಳಂದೂರಿನ ಮಗ್ಗುಲಲ್ಲಿ ಹರಿಯುವ ನದಿಗೆ ಪುಸ್ತಕದಲ್ಲಿ ಸುವರ್ಣಾವತಿ ಎಂದು ಹೆಸರು. ಊರಿನವರ ಬಾಯಲ್ಲಿ ಅದು ಹೊನ್ನುಹೊಳೆ. ಮುನ್ನೂರು ವರ್ಷಕ್ಕೂ ಹಿಂದೆ ಇದೇ ಊರಿನಿಂದ ಹೊನ್ನಿ ಎಂಬ ಹೆಣ್ಣುಮಗಳು ಶ್ರೀರಂಗಪಟ್ಟಣದ ಅರಮನೆಗೆ ಊಳಿಗಕ್ಕೆ ಹೋದಳು. ಎಲೆ ಅಡಿಕೆಯ ಸಂಚಿ ಹಿಡಿದು ನಿಲ್ಲುವುದು ಅವಳ ಕೆಲಸ. ಕರೆದಾಗ ಬರಬೇಕು, ಎಲೆ ಮಡಿಸಿ ಕೊಡಬೇಕು, ಹಿಂದೆ ಸರಿಯಬೇಕು. ಅಷ್ಟೇ.

ಆದರೆ ಆ ಸಂಚಿ ಹಿಡಿದ ಕೈ ಓಲೆಗರಿಯನ್ನೂ ಹಿಡಿಯಿತು. ಹದಿಬದೆಯ ಧರ್ಮ ಎಂಬ ಕಾವ್ಯ ಬರೆಯಿತು. ಆ ಕಾವ್ಯದ ಮಧ್ಯೆ ಹೆಣ್ಣನ್ನು ಕೀಳೆನ್ನುವವರಿಗೆ ಒಂದು ಪ್ರಶ್ನೆ ಹಾಕಿತು. ಆ ಪ್ರಶ್ನೆಗೆ ಇವತ್ತಿಗೂ ಮೈಸೂರು ಸೀಮೆಯಲ್ಲಿ ನೆಟ್ಟಗೆ ಉತ್ತರ ಬಂದಿಲ್ಲ.

ಯಳಂದೂರು ಎಂದರೆ ಜನಕ್ಕೆ ಬಳೇ ಮಂಟಪ ನೆನಪಾಗುತ್ತದೆ. ದಿವಾನ್ ಪೂರ್ಣಯ್ಯನವರ ಜಹಗೀರು ನೆನಪಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಬಸ್ಸು ನೆನಪಾಗುತ್ತದೆ. ಹೊನ್ನಮ್ಮನ ನೆನಪು ಬರುವುದು ಶಾಲೆಯ ಮಕ್ಕಳಿಗೆ ಮಾತ್ರ, ಅದೂ ಪರೀಕ್ಷೆ ಹತ್ತಿರ ಬಂದಾಗ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಒಂದೂರಿನ ಮೂವರು

ಆಗ ಯಳಂದೂರು ಹದಿನಾಡು ಸೀಮೆಯ ಪಾಳೆಯಗಾರರ ಊರು. ಗೌರೀಶ್ವರನ ಗುಡಿ ಆಗಲೇ ನೂರು ವರ್ಷ ಹಳೆಯದಾಗಿತ್ತು. ಕಲ್ಲಿನ ಬಳೆಗಳ ಸರಪಳಿ ಇಳಿಬಿಟ್ಟ ಅದರ ಮಹಾದ್ವಾರವನ್ನು ಮುದ್ದುರಾಜ 1654-55ರ ಹೊತ್ತಿಗೆ ಕಟ್ಟಿಸಿದ. ಹೊನ್ನಿಯ ಊರಿನವರು ಕಲ್ಲಿನಲ್ಲಿ ಕುಸುರಿ ಕೆಲಸ ಬಲ್ಲವರಾಗಿದ್ದರು.

1673ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನ ಪಟ್ಟಕ್ಕೆ ಬಂದರು. ಪಟ್ಟಕ್ಕೆ ಬರುವ ಮುಂಚೆ ಅವರು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ಹೆಚ್ಚುಕಡಿಮೆ ಸೆರೆಯಲ್ಲೇ ಇದ್ದವರು. ಆ ದಿನಗಳಲ್ಲಿ ಜೊತೆಗಿದ್ದವರಲ್ಲಿ ಯಳಂದೂರಿನ ವಿಶಾಲಾಕ್ಷ ಪಂಡಿತ ಎಂಬ ಜೈನ ವಿದ್ವಾಂಸ ಒಬ್ಬ. ದೊರೆಗೆ ಸಿಂಹಾಸನ ಸಿಕ್ಕಿತು, ಪಂಡಿತನಿಗೆ ಪ್ರಧಾನಿಯ ಗದ್ದುಗೆ ಸಿಕ್ಕಿತು. ದೊರೆಯ ಪಟ್ಟದ ರಾಣಿ ದೇವಾಜಮ್ಮಣ್ಣಿಯವರೂ ಯಳಂದೂರಿನ ಮಗಳೇ.

ಹೀಗೆ ಒಂದು ಊರಿನ ಮೂವರು ಒಂದೇ ಅರಮನೆಯಲ್ಲಿ ಸೇರಿದರು. ಒಬ್ಬ ಪ್ರಧಾನಿ, ಒಬ್ಬಳು ರಾಣಿ, ಇನ್ನೊಬ್ಬಳು ಊಳಿಗದವಳು. ಪ್ರಧಾನಿಯ ಹೆಸರು ಇತಿಹಾಸದ ದಪ್ಪ ಪುಸ್ತಕದಲ್ಲಿ ಉಳಿಯಿತು. ರಾಣಿಯ ಹೆಸರು ವಂಶಾವಳಿಯಲ್ಲಿ ಉಳಿಯಿತು. ಊಳಿಗದವಳ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಅದಕ್ಕೆ ಕಾರಣ ಅವಳು ಬರೆದ ಪದ.

ಸಂಚಿಯವಳ ಕಿವಿ

ಅರಮನೆಯಲ್ಲಿ ಎಲೆ ಅಡಿಕೆ ಎಂದರೆ ಬರೀ ಬಾಯಿ ಚಪಲವಲ್ಲ. ಬಂದವರಿಗೆ ವೀಳ್ಯ ಕೊಟ್ಟರೆ ಗೌರವ, ಕೊಡದಿದ್ದರೆ ಅವಮಾನ. ದಂಡಿಗೆ ಹೊರಟವನಿಗೂ ವೀಳ್ಯ, ಕವಿಗೂ ವೀಳ್ಯ. ಹಾಗಾಗಿ ಸಂಚಿಯವಳು ಯಾವಾಗಲೂ ಕೈಗೆಟುಕುವ ದೂರದಲ್ಲೇ ಇರಬೇಕು. ಅವಳನ್ನು ಯಾರೂ ನೋಡುವುದಿಲ್ಲ, ಅವಳು ಎಲ್ಲರನ್ನೂ ನೋಡುತ್ತಾಳೆ. ಅವಳೊಡನೆ ಯಾರೂ ಮಾತಾಡುವುದಿಲ್ಲ, ಅವಳ ಕಿವಿಗೆ ಎಲ್ಲರ ಮಾತೂ ಬೀಳುತ್ತದೆ.

ಆ ಅರಮನೆಯಲ್ಲಿ ಬೀಳುತ್ತಿದ್ದ ಮಾತು ಸಾಮಾನ್ಯದ್ದಲ್ಲ. ಚಿಕ್ಕದೇವರಾಜರ ಆಸ್ಥಾನ ಕನ್ನಡಕ್ಕೆ ಸುಗ್ಗಿಯ ಕಾಲ. ತಿರುಮಲಾರ್ಯ ದೊರೆಯ ವಂಶಾವಳಿಯನ್ನು ಬರೆದದ್ದು ಅಲ್ಲೇ. ಮಂತ್ರಿಯಾಗಿದ್ದ ಚಿಕುಪಾಧ್ಯಾಯ ಒಂದಾದ ಮೇಲೊಂದು ಗ್ರಂಥ ಬರೆದದ್ದೂ ಅಲ್ಲೇ. ದೊರೆಯ ಹೆಸರಿನಲ್ಲೇ ಬಿನ್ನಪಗಳೂ ಗೀತಗೋಪಾಲವೂ ಇವೆ. ಶ್ರೀರಂಗನಾಥನ ಭಕ್ತಿ, ಪುರಾಣ ಶ್ರವಣ, ಪದ ಹಾಡಿಕೆ, ವ್ಯಾಖ್ಯಾನ, ಇವೆಲ್ಲ ದಿನದ ಊಟದ ಹಾಗೆ ನಡೆಯುತ್ತಿದ್ದವು. ಹೊನ್ನಿ ಸಂಚಿ ಹಿಡಿದು ನಿಂತೇ ಅದೆಲ್ಲ ಉಂಡಳು.

ಅಳಸಿಂಗರಾರ್ಯರೆಂಬ ಶ್ರೀವೈಷ್ಣವ ಪಂಡಿತರು ಅವಳಿಗೆ ಗುರುವಾದರು. ಇದು ಅಂದಿಗೆ ಸಣ್ಣ ಸಂಗತಿಯಲ್ಲ. ಆಗ ಅಕ್ಷರ ಕಲಿತ ಹೆಂಗಸು ಎಂದರೆ ಒಂದೋ ದೊರೆಮಗಳು, ಇಲ್ಲ ದೇವಸ್ಥಾನದಲ್ಲಿ ಕುಣಿಯುವವಳು. ಗೃಹಸ್ಥರ ಮನೆಯ ಹೆಣ್ಣಿಗೆ ಓದು ಬೇಡ, ಓದಿದರೆ ಕೆಡುತ್ತಾಳೆ ಎನ್ನುವ ಮಾತು ಮೊನ್ನೆಮೊನ್ನೆಯ ತನಕ ಊರೂರಲ್ಲಿ ಇತ್ತು. ಇನ್ನು ಸಂಚಿ ಹಿಡಿಯುವ ಊಳಿಗದವಳಿಗೆ ಛಂದಸ್ಸು ಯಾತಕ್ಕೆ? ಗುರು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಕಲಿಸಿದರು. ಶಿಷ್ಯೆ ಅದನ್ನು ಮರೆಯಲಿಲ್ಲ, ತನ್ನ ಕಾವ್ಯದಲ್ಲಿ ಗುರುವನ್ನು ನೆನೆದಳು.

ಹೊನ್ನಿಯ ಜಾಣ್ಮೆಯನ್ನು ರಾಣಿ ದೇವಾಜಮ್ಮಣ್ಣಿ ಕಂಡರು. ತವರೂರಿನ ಹುಡುಗಿ ಎಂಬ ಅಕ್ಕರೆಯೂ ಇದ್ದೀತು. ದೊರೆಯ ಮುಂದೆ ಅವಳ ಮಾತೆತ್ತಿದರು. ದೊರೆ ಕಾವ್ಯ ಬರೆಯುವಂತೆ ಹೇಳಿದರು. ವಿಷಯ ಪತಿವ್ರತೆಯ ಧರ್ಮ.

ಆ ಕಾಲ ಎಂಥದ್ದು

ಚಿಕ್ಕದೇವರಾಜರು ದಕ್ಷ ದೊರೆ. ಆಡಳಿತವನ್ನು ಅಠಾರಾ ಕಚೇರಿಗಳಾಗಿ ಹಂಚಿ ಕಟ್ಟಿದರು. ಬೊಕ್ಕಸ ತುಂಬಿತು. ನವಕೋಟಿ ನಾರಾಯಣ ಎಂಬ ಬಿರುದು ಬಂತು. ಆದರೆ ತುಂಬಿದ ಬೊಕ್ಕಸಕ್ಕೆ ಹಣ ಬಂದದ್ದು ರೈತನ ಕಣದಿಂದ. ಕಂದಾಯದ ಮೇಲೆ ಹೊಸ ಹೊಸ ತೆರಿಗೆ ಬಿತ್ತು. ರೈತರು ನೇಗಿಲು ಬಿಟ್ಟು ತಿರುಗಿ ನಿಂತರು. ಜಂಗಮರು ಅವರ ಬೆನ್ನಿಗೆ ನಿಂತರು. ನಂಜನಗೂಡಿನಲ್ಲಿ ನಾನೂರಕ್ಕೂ ಮೇಲ್ಪಟ್ಟು ಜಂಗಮರನ್ನು ಕರೆಸಿ ಕೊಲ್ಲಿಸಲಾಯಿತೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಆ ಬರಹದ ಬಗ್ಗೆ ಇತಿಹಾಸಕಾರರಲ್ಲಿ ವಾದ ಉಂಟು. ದಂಗೆ ನಡೆದದ್ದು, ಅದನ್ನು ಬಿಗಿಯಾಗಿ ಅಡಗಿಸಿದ್ದು ಮಾತ್ರ ದಿಟ. ಆ ಸಿಟ್ಟಿಗೆ ಯಳಂದೂರಿನ ವಿಶಾಲಾಕ್ಷ ಪಂಡಿತನೇ ಬಲಿಯಾದ. 1686ರಲ್ಲಿ ಅವನ ಕೊಲೆಯಾಯಿತು. ಅವನ ಜಾಗಕ್ಕೆ ತಿರುಮಲಾರ್ಯ ಬಂದ.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಹೊನ್ನಮ್ಮ ಬರೆದದ್ದು ಇಂಥ ಅರಮನೆಯ ಒಳಗೆ ಕೂತು. ಪ್ರಧಾನಿಯ ತಲೆಯೇ ನಿಲ್ಲದ ಕಡೆ ಊಳಿಗದವಳ ತಲೆಗೆ ಏನು ಬೆಲೆ? ಅವಳಿಗೆ ಮಠವಿಲ್ಲ, ಹಿಂದೆ ಜನವಿಲ್ಲ, ಹೊತ್ತುಕೊಳ್ಳುವ ಕುಲದ ಹೆಸರಿಲ್ಲ. ಇದ್ದದ್ದು ರಾಣಿಯ ಕರುಣೆ, ಗುರುವಿನ ಆಸರೆ, ಕೈಯಲ್ಲಿ ಎಲೆ ಅಡಿಕೆ ಸಂಚಿ. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಅರಮನೆಯನ್ನು ಒದ್ದು ಹೊರಟಳು. ಹೊನ್ನಮ್ಮನಿಗೆ ಅರಮನೆಯೇ ಅನ್ನ. ಅಲ್ಲೇ ಇದ್ದುಕೊಂಡು ಹೇಳಬೇಕಾದ್ದನ್ನು ಹೇಳಬೇಕಾಗಿತ್ತು.

ಕಾವ್ಯದ ಹೊರಮೈ

ಹದಿಬದೆ ಎಂದರೆ ಪತಿವ್ರತೆ. ಹದಿಬದೆಯ ಧರ್ಮ ಒಂಬತ್ತು ಸಂಧಿಗಳ ಕಾವ್ಯ, ಪದ್ಯಗಳು 480ರ ಆಸುಪಾಸು. ಛಂದಸ್ಸು ಸಾಂಗತ್ಯ. ಸಾಂಗತ್ಯ ಎಂದರೆ ಹಾಡಿಕೊಳ್ಳುವ ಮಟ್ಟು. ರತ್ನಾಕರವರ್ಣಿ ಭರತೇಶ ವೈಭವವನ್ನು ಹೇಳಿದ್ದು ಅದರಲ್ಲೇ. ಇದೇ ಶ್ರೀರಂಗಪಟ್ಟಣದಲ್ಲಿ ಗೋವಿಂದ ವೈದ್ಯ 1648ರಲ್ಲಿ ಕಂಠೀರವ ನರಸರಾಜರ ಕಥೆ ಬರೆದದ್ದೂ ಅದರಲ್ಲೇ. ಪಂಡಿತರ ಮುಂದೆ ಓದಬಹುದು, ರಾಗಿ ಬೀಸುವಾಗಲೂ ಗುನುಗಬಹುದು. ಹೊನ್ನಮ್ಮ ಬಿಗಿ ಚಂಪುವಿನ ಗೊಡವೆಗೆ ಹೋಗದೆ ಹೆಂಗಸರ ನಾಲಿಗೆಗೆ ಹತ್ತುವ ಮಟ್ಟನ್ನೇ ಆರಿಸಿಕೊಂಡಳು. ಅದೇ ಆಸ್ಥಾನದ ಕಾಲದಲ್ಲಿ ಶೃಂಗಾರಮ್ಮ ಎಂಬ ಇನ್ನೊಬ್ಬಾಕೆ ಪದ್ಮಿನೀ ಕಲ್ಯಾಣ ಬರೆದದ್ದೂ ಸಾಂಗತ್ಯದಲ್ಲೇ.

ಒಳಗಿನ ಸರಕು ಮೇಲುನೋಟಕ್ಕೆ ಹಳೆಯದೇ. ಹೆಂಡತಿಯಾದವಳು ಹೇಗಿರಬೇಕು, ಗಂಡನನ್ನು ಹೇಗೆ ನೋಡಿಕೊಳ್ಳಬೇಕು, ಅತ್ತೆ ಮಾವನ ಮುಂದೆ ಹೇಗೆ ನಡೆಯಬೇಕು, ಮನೆಯನ್ನು ಹೇಗೆ ತೂಗಿಸಬೇಕು ಎಂದು ಬುದ್ಧಿ ಹೇಳುತ್ತದೆ. ಧರ್ಮಶಾಸ್ತ್ರ, ಭಾರತ, ರಾಮಾಯಣ, ಪುರಾಣ ಎಲ್ಲವನ್ನೂ ಅದಕ್ಕೆ ಸಾಕ್ಷಿಗೆ ಕರೆಯುತ್ತದೆ. ಗಂಡನೇ ದೈವ ಎನ್ನುತ್ತದೆ. ಇದನ್ನು ಮುಚ್ಚಿಡುವುದು ಬೇಡ. ದೊರೆ ಕೇಳಿದ್ದು ಅದನ್ನೇ, ಕವಿ ಕೊಟ್ಟದ್ದೂ ಅದನ್ನೇ. ಸರಸ ಸಾಹಿತ್ಯದ ವರದೇವತೆ ಎಂಬ ಹೊಗಳಿಕೆಯೂ ಅವಳ ಹೆಸರಿಗೆ ಸೇರಿತು.

ಸಂಚಿಯ ಒಳಜೇಬು

ಎಲೆ ಅಡಿಕೆ ಸಂಚಿಯನ್ನು ನೋಡಿದವರಿಗೆ ಗೊತ್ತು. ಹೊರಗೆ ಒಂದೇ ಚೀಲ, ಒಳಗೆ ಮೂರು ನಾಲ್ಕು ಅರೆ. ಎಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಇನ್ನೊಂದು. ಹೊನ್ನಮ್ಮನ ಕಾವ್ಯವೂ ಹಾಗೆಯೇ. ಹೊರಗಿನ ಅರೆಯಲ್ಲಿ ಪತಿಭಕ್ತಿ. ಒಳಗಿನ ಅರೆಯಲ್ಲಿ ಸುಣ್ಣ. ಅದು ಉರಿಯುತ್ತದೆ.

ಹೆಂಡತಿಗೆ ಬುದ್ಧಿ ಹೇಳುತ್ತಾ ಹೇಳುತ್ತಾ ಆಕೆ ಹುಟ್ಟಿದ ಹೆಣ್ಣುಕೂಸಿನ ಕಡೆಗೆ ತಿರುಗುತ್ತಾಳೆ. ಹೆಣ್ಣು ಹೆಣ್ಣು ಎಂದು ಹೀಗಳೆಯುವವರನ್ನು ಹಿಡಿದು ನಿಲ್ಲಿಸುತ್ತಾಳೆ. ಅವರನ್ನು ಹೆತ್ತವಳು ಯಾರು, ಸಾಕಿ ಸಲಹಿದವಳು ಯಾರು ಎಂದು ಕೇಳುತ್ತಾಳೆ. ಅಂಥವರು ಕಣ್ಣಿದ್ದೂ ಕಾಣದ ಮಂಕುಗಳು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಅಲ್ಲಿಗೂ ಬಿಡುವುದಿಲ್ಲ. ಗಂಡು ಹುಟ್ಟಿದ ಮಾತ್ರಕ್ಕೆ ಬಂದ ಭಾಗ್ಯವೇನು, ಹೆಣ್ಣು ಹುಟ್ಟಿದರೆ ಬಂದ ಕೊರತೆಯೇನು ಎಂದು ಲೆಕ್ಕ ಕೇಳುತ್ತಾಳೆ. ಇಬ್ಬರಲ್ಲಿ ಯಾರು ಏಳಿಗೆಗೆ ಬಂದರೋ ಅವರಿಂದಲೇ ಹೆತ್ತವರಿಗೆ ಇಹದ ಸುಖ, ಪರದ ಸುಖ ಎನ್ನುತ್ತಾಳೆ.

ಈ ಕೊನೆಯ ಮಾತನ್ನು ನಿಧಾನವಾಗಿ ನೋಡಬೇಕು. ಪುತ್ರನಿಲ್ಲದವನಿಗೆ ಸದ್ಗತಿ ಇಲ್ಲ ಎನ್ನುವುದು ಅಂದಿನ ಶಾಸ್ತ್ರ. ತರ್ಪಣ ಬಿಡಲು ಗಂಡೇ ಬೇಕು ಎನ್ನುವುದು ಅಂದಿನ ಲೋಕ. ಅಂಥ ಕಾಲದಲ್ಲಿ ಪರಲೋಕದ ಸುಖವೂ ಮಗಳಿಂದ ಬರಬಹುದು ಎಂದರೆ ಅದು ನೇರ ಬುಡಕ್ಕೇ ಕೈ ಹಾಕಿದ ಮಾತು. ಸಿಂಹಾಸನಕ್ಕೆ ಗಂಡು ವಾರಸುದಾರನನ್ನೇ ಕಾಯುವ ಅರಮನೆಯಲ್ಲಿ ನಿಂತು, ದೊರೆಗೆ ಒಪ್ಪಿಸುವ ಪುಸ್ತಕದಲ್ಲಿ ಊಳಿಗದ ಹೆಂಗಸು ಇದನ್ನು ಬರೆದಳು. ಬರೆದು ದಕ್ಕಿಸಿಕೊಂಡಳು.

ಆಸ್ಥಾನ ಕವಿಗಳ ಕಾವ್ಯದಲ್ಲಿ ಹೆಂಗಸರಿಗೆ ಕೊರತೆಯಿರಲಿಲ್ಲ. ಅಲ್ಲಿ ಹೆಂಗಸು ವರ್ಣನೆಗೆ ಸಿಕ್ಕ ವಸ್ತು. ಕಣ್ಣು ಮೀನು, ನಡು ಬಡವು, ನಡೆ ಹಂಸ. ಆ ಹಂಸ ಬಾಯಿ ಬಿಟ್ಟು ಕೇಳಿದ್ದು ಹೊನ್ನಮ್ಮನ ಪುಸ್ತಕದಲ್ಲಿ.

ಎರಡು ಕಡೆಯ ಬೈಗುಳ

ಕಾಲ ಉರುಳಿತು. ಹಳೆಯ ಕಾಲದ ದೊಡ್ಡವರು ಹೊನ್ನಮ್ಮನನ್ನು ಹೊಗಳಿದರು. ಹೊಗಳಿದ ರೀತಿಯಲ್ಲೇ ಅನ್ಯಾಯವಿತ್ತು. ಹೆಣ್ಣುಮಕ್ಕಳು ಹೀಗಿರಬೇಕು ನೋಡಿ ಎಂದು ಅವಳನ್ನು ಸೊಸೆಯಂದಿರ ಮೇಲೆ ಬೀಸುವ ಬೆತ್ತ ಮಾಡಿಕೊಂಡರು. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟು ಹಸೆಗೆ ಕೂತ ಹುಡುಗಿಗೆ ಹೇಳುವ ಬುದ್ಧಿಮಾತಿನ ಗಂಟಿಗೆ ಇದೂ ಒಂದು ಸೇರಿತು. ಒಳಗಿನ ಸುಣ್ಣವನ್ನು ಒರೆಸಿ ಬರೀ ಎಲೆಯನ್ನು ಹಂಚಿದರು. ಸಂಚಿಯವಳು ಇಷ್ಟಾದರೂ ಬರೆದಳಲ್ಲ ಎಂಬ ತಾತ್ಸಾರದ ಮೆಚ್ಚುಗೆ ಬೇರೆ.

ಈಚಿನ ಕಾಲದಲ್ಲಿ ಇನ್ನೊಂದು ಕಡೆಯಿಂದ ಏಟು ಬಿತ್ತು. ಹೆಣ್ಣಿನ ಪರ ಮಾತಾಡುವವರಲ್ಲಿ ಹಲವರಿಗೆ ಈ ಕಾವ್ಯ ನುಂಗಲಾರದ ತುತ್ತಾಯಿತು. ಗಂಡನೇ ದೈವ ಎಂದವಳು ಗುಲಾಮಗಿರಿಯ ಪಾಠ ಹೇಳಿದವಳು, ಗಂಡಸರ ಮಾತನ್ನೇ ಹೆಣ್ಣಿನ ಬಾಯಲ್ಲಿ ಆಡಿದವಳು ಎಂಬ ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿಲ್ಲ ಎನ್ನುವ ಹಾಗಿಲ್ಲ. ಒಂಬತ್ತು ಸಂಧಿಯಲ್ಲಿ ಹೆಚ್ಚಿನ ಪಾಲು ಬುದ್ಧಿವಾದವೇ. ಇಂದು ಓದುವ ಹೆಣ್ಣುಮಗಳಿಗೆ ಕೋಪ ಬಂದರೆ ಅದು ಅವಳ ತಪ್ಪಲ್ಲ.

ಆದರೆ ಎರಡು ಪಕ್ಷದವರೂ ಓದಿದ್ದು ಅರ್ಧರ್ಧ. ದೊರೆ ತೆರೆದ ಬಾಗಿಲು ಒಂದೇ. ಅದು ಪತಿವ್ರತೆಯ ಬಾಗಿಲು. ಅದರಲ್ಲೇ ನುಗ್ಗಬೇಕು, ಇಲ್ಲವೇ ಹೊರಗೆ ನಿಂತು ಎಲೆ ಮಡಿಸಬೇಕು. ಹೊನ್ನಮ್ಮ ನುಗ್ಗಿದಳು. ನುಗ್ಗುವಾಗ ಮಡಿಲಲ್ಲಿ ಕಟ್ಟಿಕೊಂಡು ಹೋದದ್ದೇ ಆ ಪ್ರಶ್ನೆ.

ಬೇರೆ ಬಾಗಿಲಲ್ಲಿ ಹೋಗಿದ್ದರೆ?

ಬೇರೆ ಬಾಗಿಲಲ್ಲಿ ಹೋದವಳ ಗತಿ ಏನಾಯಿತು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹೊನ್ನಮ್ಮನ ಮುಂದಿನ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆಗಳ ಆಸ್ಥಾನದಲ್ಲಿ ಮುದ್ದುಪಳನಿ ಎಂಬಾಕೆ ಇದ್ದಳು. ತೆಲುಗಿನಲ್ಲಿ ರಾಧಿಕಾ ಸಾಂತ್ವನಂ ಬರೆದಳು. ರಾಧೆಯ ಬಯಕೆಯನ್ನು ರಾಧೆಯ ಕಡೆಯಿಂದಲೇ ಹೇಳಿದಳು. ಸಮಾಜ ಸುಧಾರಕರೆಂದು ಹೆಸರಾದ ಕಂದುಕೂರಿ ವೀರೇಶಲಿಂಗಂ ಅವರೇ ಅದಕ್ಕೆ ಮೂಗು ಮುರಿದರು. ಅಂಥ ಪುಸ್ತಕವನ್ನು ಹುಡುಕಿ, ತಿದ್ದಿ, 1910ರಲ್ಲಿ ಮತ್ತೆ ಅಚ್ಚು ಹಾಕಿಸಿದವರು ಬೆಂಗಳೂರು ನಾಗರತ್ನಮ್ಮ. ಆಕೆ ಹುಟ್ಟಿದ್ದು 1878ರಲ್ಲಿ, ಇಲ್ಲೇ ಪಕ್ಕದ ನಂಜನಗೂಡಿನಲ್ಲಿ. ದೇವದಾಸಿ ಕುಲದ ಹೆಣ್ಣುಮಗಳು, ದೊಡ್ಡ ಸಂಗೀತ ವಿದುಷಿ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಾಕೆ.

ಅಚ್ಚಾಗಿ ವರ್ಷ ಕಳೆಯುವುದರೊಳಗೆ ಬ್ರಿಟಿಷ್ ಸರ್ಕಾರ ಅಶ್ಲೀಲ ಎಂದು ಪುಸ್ತಕದ ಮೇಲೆ ಬಿತ್ತು. ಸ್ವಾತಂತ್ರ್ಯ ಹೊಸ್ತಿಲಿಗೆ ಬರುವ ತನಕ ಆ ತಡೆ ಹೋಗಲಿಲ್ಲ.

ಒಬ್ಬಳು ಬಯಕೆ ಬರೆದಳು, ಪುಸ್ತಕಕ್ಕೆ ಬೀಗ ಬಿತ್ತು. ಇನ್ನೊಬ್ಬಳು ಧರ್ಮ ಬರೆದಳು, ಪುಸ್ತಕಕ್ಕೆ ಹೂ ಬಿತ್ತು. ಬೀಗ ಹಾಕಿದರೂ ಓದಿದ ಹಾಗಾಗಲಿಲ್ಲ, ಹೂ ಹಾಕಿದರೂ ಓದಿದ ಹಾಗಾಗಲಿಲ್ಲ. ಬರೆದವಳು ಹೆಂಗಸು ಎಂದಾಗ ಸಮಾಜ ಮೊದಲು ನೋಡುವುದು ಅವಳ ನಡತೆಯನ್ನು, ಆಮೇಲೆ ಪುರುಸೊತ್ತಿದ್ದರೆ ಅವಳ ಪದ್ಯವನ್ನು.

ಬೆಟ್ಟದ ಸಂಕಮ್ಮ

ಯಳಂದೂರಿನ ಓಲೆಗರಿಯಲ್ಲಿ ಹದಿಬದೆಯ ಧರ್ಮ ಇದ್ದರೆ, ಕೊಳ್ಳೇಗಾಲ ದಾಟಿ ಹನೂರು ಮೇಲೆ ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ಧರ್ಮ ಕೇಳಿಸುತ್ತದೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಕಥೆಯಲ್ಲಿ ಸೋಲಿಗರ ಸಂಕಮ್ಮನ ಸಾಲು ಬರುತ್ತದೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಬರುವ ತನಕ ನೆಟ್ಟಗಿರುತ್ತೇನೆಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಡುತ್ತಾನೆ. ಆದರೂ ಕೊಡುವುದಿಲ್ಲ. ಕೊನೆಗೆ ಗುಡಿಸಲಲ್ಲಿ ಕೂಡಿ ಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ.

ದೇವರು ನಿಂತದ್ದು ಭಾಷೆ ಕೇಳಿದವನ ಕಡೆಗಲ್ಲ, ಕೊಡದವಳ ಕಡೆಗೆ. ಈ ಕಥೆಯನ್ನು ಇಲ್ಲಿಯ ಜನ ಶತಮಾನಗಳಿಂದ ಕೇಳುತ್ತಾ ಬಂದಿದ್ದಾರೆ. ಹೊನ್ನಮ್ಮನ ಕಾವ್ಯವನ್ನೂ ಸಂಕಮ್ಮನ ಸಾಲನ್ನೂ ಪಕ್ಕ ಪಕ್ಕ ಇಟ್ಟರೆ ಒಂದು ನೆಲದ ಎರಡು ಹೆಣ್ಣುದನಿ ಕೇಳುತ್ತದೆ. ಒಬ್ಬಳು ಒಳಗಿದ್ದು ಕೇಳಿದಳು. ಇನ್ನೊಬ್ಬಳು ಒಲ್ಲೆ ಎಂದಳು. ಜಗಳ ಇಬ್ಬರದೂ ಒಂದೇ: ಹೆಣ್ಣನ್ನು ನಂಬದ, ಹೆಣ್ಣನ್ನು ಲೆಕ್ಕಕ್ಕೆ ಹಿಡಿಯದ ಲೋಕದ ಮೇಲೆ.

ಪ್ರಶ್ನೆ ಇನ್ನೂ ಬಾಕಿ

ಚಿಕ್ಕದೇವರಾಜ ಒಡೆಯರು 1704ರಲ್ಲಿ ತೀರಿಕೊಂಡರು. ಆ ವೈಭವ ಹೋಯಿತು, ಹೈದರ್ ಬಂದ, ಟಿಪ್ಪು ಬಂದ, 1799ರಲ್ಲಿ ಶ್ರೀರಂಗಪಟ್ಟಣವೇ ಬಿತ್ತು. 1807ರಲ್ಲಿ ಯಳಂದೂರು ಪೂರ್ಣಯ್ಯನವರ ಜಹಗೀರಾಯಿತು. ಕೊಳ್ಳೇಗಾಲ, ಹನೂರು 1956ರ ತನಕ ಮದ್ರಾಸಿನ ಆಡಳಿತದಲ್ಲಿದ್ದು ಆಮೇಲೆ ಮೈಸೂರಿಗೆ ಬಂದವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಗಡಿಗಳು ಇಷ್ಟು ಸಲ ಬದಲಾದವು. ಹೆಣ್ಣು ಕೂಸು ಹುಟ್ಟಿದಾಗ ಮುಖ ಇಳಿಬಿಡುವುದು ಮಾತ್ರ ಬದಲಾಗಲಿಲ್ಲ.

ಹುಟ್ಟುವ ಮೊದಲೇ ಹೆಣ್ಣೋ ಗಂಡೋ ನೋಡಬಾರದೆಂದು 1994ರಲ್ಲಿ ಕಾನೂನು ಬಂತು. ಬಂದು ಸುಮಾರು ಮೂವತ್ತು ವರ್ಷ ಕಳೆದ ಮೇಲೆ, 2023ರಲ್ಲಿ, ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಬೆಲ್ಲ ಕಾಯಿಸುವ ಮನೆಯಲ್ಲಿ ನಡೆದ ಕೆಲಸ ಅದು. ಹೊನ್ನಮ್ಮ ಸಂಚಿ ಹಿಡಿದು ನಿಂತಿದ್ದ ಶ್ರೀರಂಗಪಟ್ಟಣ ಇಂದು ಇರುವುದು ಅದೇ ಮಂಡ್ಯ ಜಿಲ್ಲೆಯಲ್ಲಿ.

ಅವಳ ಪದ್ಯವನ್ನು ಬಾಯಿಪಾಠ ಮಾಡಿ ನಂಬರು ತೆಗೆದ ಮಕ್ಕಳು ಆ ಸೀಮೆಯಲ್ಲೂ ಇದ್ದಾರೆ, ಈ ಸೀಮೆಯಲ್ಲೂ ಇದ್ದಾರೆ. ಆ ಮಕ್ಕಳೇ ಬೆಳೆದು ತಂದೆ ತಾಯಿ ಆಗುತ್ತಾರೆ. ಪದ್ಯ ನೆನಪಿರುತ್ತದೆ, ಪ್ರಶ್ನೆ ಮರೆತುಹೋಗುತ್ತದೆ.

ಊಳಿಗದವಳು ದೊರೆಯ ಮುಂದೆ ಹಿಡಿದ ಸಂಚಿಯಲ್ಲಿ ಎಲೆ ಅಡಿಕೆ ಎಂದೋ ಮುಗಿಯಿತು. ಸುಣ್ಣದ ಡಬ್ಬಿ ಇನ್ನೂ ಖಾಲಿಯಾಗಿಲ್ಲ.